ಅಮ್ಮನ ಕಲ್ಚರ್ ವರದಿಯಲ್ಲಿ 11 ‘ಆರ್’: ನಮ್ಮ ಮನೆಗಳ ಮದ್ದಿನ ಡಬ್ಬದ ಕುರಿತು ಒಂದು ಚರ್ಚೆ

ನೀರ್ಚಾಲಿನ ಶಿಕ್ಷಕಿ

ಕಳೆದ ಆಟಿ ತಿಂಗಳಲ್ಲಿ ನನ್ನ ತಾಯಿಯನ್ನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ 12 ದಿನ ಇರಿಸಬೇಕಾಗಿ ಬಂತು. ಅವರಿಗೆ 71 ವರ್ಷ. ಸಕ್ಕರೆ ಕಾಯಿಲೆ ಬಂದು 20 ವರ್ಷ ದಾಟಿದೆ. ಉರಿಮೂತ್ರವೆಂದು ಶುರುವಾದದ್ದು ಮೂರನೆಯ ದಿನಕ್ಕೆ ಮೈ ನಡುಗಿಸುವ ಚಳಿಜ್ವರವಾಯಿತು. ನಾಲ್ಕನೆಯ ದಿನ ಅವರು ನನ್ನನ್ನು ತೀರಿಕೊಂಡ ಚಿಕ್ಕಮ್ಮನ ಹೆಸರು ಹಿಡಿದು ಕರೆಯತೊಡಗಿದರು. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಅದು ಯಾವ ಮದ್ದಿಗೆ ಬಗ್ಗುತ್ತದೆಂದು ನೋಡುವ ಕಲ್ಚರ್ ಪರೀಕ್ಷೆಯ ವರದಿ ಬಂದಾಗ ವೈದ್ಯರು ಅದನ್ನು ನನ್ನ ಕೈಗೇ ಕೊಟ್ಟು ಓದಲು ಹೇಳಿದರು. ಇ-ಕೊಲೈ ಎಂಬ ಬ್ಯಾಕ್ಟೀರಿಯಾದ ಹೆಸರಿನ ಕೆಳಗೆ 15 ಆಂಟಿಬಯೋಟಿಕ್‌ಗಳ, ಅಂದರೆ ಬ್ಯಾಕ್ಟೀರಿಯಾದ ವಿರುದ್ಧ ಕೊಡುವ ಮದ್ದುಗಳ ಪಟ್ಟಿಯಿತ್ತು. ಅವುಗಳಲ್ಲಿ 11ರ ಎದುರು ‘ಆರ್’ ಎಂಬ ಅಕ್ಷರವಿತ್ತು. ಅಂದರೆ ಆ ಮದ್ದಿಗೆ ಈ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಬಗ್ಗುತ್ತದೆ ಎಂಬರ್ಥದ ‘ಎಸ್’ ಇದ್ದ ನಾಲ್ಕರಲ್ಲಿ ಬಾಯಿಯಿಂದ ನುಂಗಬಹುದಾದದ್ದು ಒಂದೇ, ಅದೂ ಸೋಂಕು ಮೂತ್ರಕೋಶದಲ್ಲಿ ಮಾತ್ರ ಇರುವಾಗ ಉಪಯೋಗಕ್ಕೆ ಬರುವಂಥದು. ಅಮ್ಮನಿಗೆ ಅದು ಮೂತ್ರಪಿಂಡಕ್ಕೆ ಏರಿಯಾಗಿತ್ತು. ಹೀಗಾಗಿ ದಿನಕ್ಕೆ ಮೂರು ಬಾರಿ ಮೆರೋಪೆನೆಮ್ ಎಂಬ ಇಂಜೆಕ್ಷನನ್ನು ರಕ್ತನಾಳಕ್ಕೆ ಕೊಡಬೇಕಾಯಿತು.

ನನ್ನನ್ನು ಕಾಡಿದ್ದು ಆ 11 ಹೆಸರುಗಳು. ನಾರ್ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್ – ಇವು ನನಗೆ ಅಪರಿಚಿತವಲ್ಲ. ಆರು ವರ್ಷಗಳ ಹಿಂದೆ ಒಬ್ಬ ವೈದ್ಯರು ಅಮ್ಮನಿಗೆ ಬರೆದುಕೊಟ್ಟ ಚೀಟಿಯನ್ನು ನಾವು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಫ್ರಿಜ್ಜಿನ ಮೇಲೆ ಇಟ್ಟುಕೊಂಡಿದ್ದೆವು. ಉರಿ ಕಂಡಾಗಲೆಲ್ಲ ತಮ್ಮ ಅದನ್ನು ಹಿಡಿದು ಪೇಟೆಗೆ ಹೋಗುತ್ತಿದ್ದ, ಆರು ಗುಳಿಗೆ ತರುತ್ತಿದ್ದ. ಎರಡು ದಿನದಲ್ಲಿ ಕಡಿಮೆಯಾದರೆ ಉಳಿದದ್ದು ಬಿಸ್ಕತ್ತಿನ ಡಬ್ಬಕ್ಕೆ ಬೀಳುತ್ತಿತ್ತು. ನನ್ನ ಗಂಟಲು ನೋವಿಗೂ ಪಕ್ಕದ ಮನೆಯ ಹುಡುಗನ ಭೇದಿಗೂ ಆ ಡಬ್ಬದಿಂದಲೇ ಮದ್ದು ಹೋಗಿದೆ. ಒಂದು ಕಾಯಿಲೆಗೆಂದು ಬರೆದ ಚೀಟಿಯನ್ನು ನಾವು ಮನೆಯ ಆಸ್ತಿಪತ್ರದಂತೆ ಕಾಪಾಡಿದೆವು. ಅಮ್ಮ ಈಗ ಮನೆಯಲ್ಲಿದ್ದಾರೆ, ಮೆಲ್ಲನೆ ನಡೆಯುತ್ತಾರೆ. ಇದು ನಮ್ಮ ಮನೆಯೊಂದರ ಕತೆಯೋ, ಕೇರಳದ ಗಡಿಯಲ್ಲಿರುವ ಕಾಸರಗೋಡಿನ ನಮ್ಮ ಕನ್ನಡದ ಊರುಗಳ ಕತೆಯೋ ಎಂದು ತಿಳಿಯಬೇಕೆಂದು ಇಲ್ಲಿ ಬರೆದಿದ್ದೇನೆ.

ಕುಂಬಳೆ ಸಮೀಪದ ಔಷಧ ಅಂಗಡಿಯವರು

ಅಮ್ಮನವರು ಚೇತರಿಸಿಕೊಳ್ಳುತ್ತಿರುವುದು ಸಮಾಧಾನದ ಸಂಗತಿ. ನಿಮ್ಮ ತಮ್ಮ ಬಂದಂತೆ ನನ್ನ ಅಂಗಡಿಗೂ ಅನೇಕರು ಬರುತ್ತಾರೆ. ಚೀಟಿಯಾದರೂ ಇದ್ದರೆ ಒಳ್ಳೆಯದೇ. ಹೆಚ್ಚಿನವರು ತರುವುದು ಖಾಲಿಯಾದ ಗುಳಿಗೆಯ ಹಾಳೆಯನ್ನು. ಅದನ್ನು ಮೇಜಿನ ಮೇಲಿಟ್ಟು ‘ಇದೇ ಕೊಡಿ’ ಎನ್ನುತ್ತಾರೆ. 19 ವರ್ಷಗಳ ವ್ಯಾಪಾರದಲ್ಲಿ ಮೊದಲಿನ ಹಲವು ವರ್ಷ ನಾನು ಕೊಟ್ಟಿದ್ದೇನೆ. ಮೂರು ಗುಳಿಗೆ ಸಾಕು ಎಂದವರಿಗೆ ಕತ್ತರಿಯಿಂದ ಕತ್ತರಿಸಿ ಮೂರೇ ಕೊಟ್ಟಿದ್ದೇನೆ. ಈಗ ನೆನೆದರೆ ಅದು ಸರಿಯಾಗಿರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಕಾನೂನು ಹೊಸದೇನಲ್ಲ. ಆಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲವೆಂಬುದು ದೇಶದ ಔಷಧ ನಿಯಮಗಳಲ್ಲಿ ಹಿಂದಿನಿಂದಲೂ ಇದೆ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಎಂಬ, ಇನ್ನಷ್ಟು ಬಿಗಿಯಾಗಿ ಮಾರಬೇಕಾದ ಮದ್ದುಗಳ ಪಟ್ಟಿ ಜಾರಿಗೆ ಬಂತು. ಸೆಫಿಕ್ಸಿಮ್‌ನಂಥ ಮದ್ದುಗಳನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಮದ್ದಿನ ಪ್ರಮಾಣ ಇಷ್ಟನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಆ ಪುಸ್ತಕವನ್ನು ಮೂರು ವರ್ಷ ಕಾಪಾಡಬೇಕು. ಆದರೆ ನಮ್ಮಂಥವರ ಅಂಗಡಿಗಳಲ್ಲಿ ನಿಜವಾದ ಬದಲಾವಣೆ ಕಂಡದ್ದು 2024ರ ಜನವರಿಯಲ್ಲಿ, ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಅನಿರೀಕ್ಷಿತ ತಪಾಸಣೆಗೆ ತೊಡಗಿದ ಮೇಲೆ. ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲವೆಂಬ ಫಲಕ ಗೋಡೆಗೆ ಬಂತು, ಆಮೇಲೆ ಆಂಟಿಬಯೋಟಿಕ್‌ಗೆಂದೇ ನೀಲಿ ಬಣ್ಣದ ಲಕೋಟೆ ಬಂತು. ಈಗ ನಾನು ಇಲ್ಲವೆನ್ನುತ್ತೇನೆ. ಇಲ್ಲವೆಂದಾಗ ಸಿಟ್ಟಾಗುವವರಿದ್ದಾರೆ. ‘ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಸಿಗುತ್ತದೆ’ ಎಂದು ಹೇಳಿ ಹೋಗುವವರೂ ಇದ್ದಾರೆ. ಗಡಿಯ ಆಚೆಗೂ ಈಚೆಗೂ ಕಾನೂನು ಒಂದೇ ಎಂದು ನಾನು ಹೇಳಿದರೆ ಅದು ವ್ಯಾಪಾರಿಯ ಮಾತೆಂದು ತೋರುತ್ತದೆಯೋ ಏನೋ. ಅದಕ್ಕಾಗಿಯೇ ಈ ವಿಷಯ ಇಲ್ಲಿ ಚರ್ಚೆಗೆ ಬಂದದ್ದು ನನಗೆ ಒಳ್ಳೆಯದೆನಿಸಿತು.

ಉಪ್ಪಳದವರು, ಸದ್ಯ ದುಬೈ

ಇಲ್ಲಿ ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ. ಆ ಕಾರಣಕ್ಕೇ ಊರಿಗೆ ಬಂದವರು ಹಿಂದಿರುಗುವಾಗ ಹಲಸಿನ ಹಪ್ಪಳ, ಉಪ್ಪಿನಕಾಯಿಯ ಜೊತೆಗೆ ಅಜಿತ್ರೋಮೈಸಿನ್‌ನ ನಾಲ್ಕೈದು ಪಟ್ಟಿ ಹಾಕಿಕೊಂಡು ಬರುತ್ತಾರೆ. ನಾನೂ ತಂದಿದ್ದೇನೆ, ಕೋಣೆಯಲ್ಲಿರುವ ಆರು ಮಂದಿ ಅದನ್ನು ನೆಗಡಿಗೆ ನುಂಗಿದ್ದೇವೆ. ತಜ್ಞರು ಯಾರಾದರೂ ಇದ್ದರೆ ಒಂದು ಸಂದೇಹ ಪರಿಹರಿಸಬೇಕು: ಪದೇ ಪದೇ ತೆಗೆದುಕೊಂಡರೆ ಮೈ ಆ ಮದ್ದಿಗೆ ಒಗ್ಗಿಹೋಗುತ್ತದೆ ಎನ್ನುತ್ತಾರಲ್ಲ, ಕೆಲವು ವರ್ಷ ಬಿಟ್ಟರೆ ಅದು ತಾನಾಗಿ ಸರಿಹೋಗುತ್ತದೆಯೇ?

ಮಂಜೇಶ್ವರ ಮೂಲದ ಸೂಕ್ಷ್ಮಜೀವಿ ಪ್ರಯೋಗಾಲಯದ ಉದ್ಯೋಗಿ

ನಾನು ಇಂಥ ವರದಿಗಳನ್ನು ತಯಾರಿಸುವ ಕೆಲಸದಲ್ಲಿರುವವಳು. ಮೊದಲು ದುಬೈಯ ಸದಸ್ಯರ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಎಲ್ಲ ತಪ್ಪು ತಿಳಿವಳಿಕೆಗಳ ಬೇರು ಅಲ್ಲಿದೆ. ಒಗ್ಗಿಹೋಗುವುದು ನಮ್ಮ ಮೈ ಅಲ್ಲ, ನಮ್ಮ ಮೈಯಲ್ಲಿರುವ ಬ್ಯಾಕ್ಟೀರಿಯಾ. ಮೈ ಒಗ್ಗಿಹೋಗುವುದಾದರೆ ಅದು ನಿಮ್ಮೊಬ್ಬರ ಕಷ್ಟವಾಗಿ ಉಳಿಯುತ್ತಿತ್ತು. ಬ್ಯಾಕ್ಟೀರಿಯಾ ಬದಲಾದರೆ ಅದು ಕೈಯಿಂದ, ಶೌಚದಿಂದ, ನೀರಿನಿಂದ ಮನೆಯ ಇತರರಿಗೆ ದಾಟುತ್ತದೆ. ಜೀವಮಾನದಲ್ಲಿ ಒಂದು ಆಂಟಿಬಯೋಟಿಕ್ ಗುಳಿಗೆಯನ್ನೂ ನುಂಗದ ಮಗುವಿಗೂ ಮದ್ದಿಗೆ ಬಗ್ಗದ ಸೋಂಕು ಬರಬಹುದು.

ನಮ್ಮ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿವೆ, ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಅನುಕೂಲ ಸ್ಥಿತಿಯಲ್ಲಿ ಇ-ಕೊಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತದೆ. ಇಷ್ಟು ವೇಗದ ಪ್ರತಿಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ, ಮತ್ತು ಆ ತಪ್ಪುಗಳಲ್ಲಿ ಯಾವುದೋ ಒಂದು ಮದ್ದಿನಿಂದ ತಪ್ಪಿಸಿಕೊಳ್ಳುವ ದಾರಿಯಾಗಿಬಿಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನ್ ಕುಲದ ಮದ್ದಿನ ಅಣುವನ್ನೇ ಕತ್ತರಿಸುವ ಕಿಣ್ವವನ್ನು ತಯಾರಿಸುತ್ತವೆ. ಕೆಲವು ಒಳಬಂದ ಮದ್ದನ್ನು ಪಂಪಿನಂತೆ ಹೊರಹಾಕುತ್ತವೆ. ಕೆಲವು ಮದ್ದು ಹಿಡಿಯಬೇಕಾದ ಜಾಗದ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ಮದ್ದಿಲ್ಲದ ದಿನಗಳಲ್ಲಿ ಇಂಥವು ಗುಂಪಿನಲ್ಲಿ ಅಲ್ಪಸಂಖ್ಯಾತರು. ನೆಗಡಿಗೆಂದು ನೀವು ನುಂಗಿದ ಅಜಿತ್ರೋಮೈಸಿನ್ ನೆಗಡಿಯ ವೈರಸ್ಸನ್ನು ಮುಟ್ಟುವುದೇ ಇಲ್ಲ. ಅದು ಬಗ್ಗುವ ಬ್ಯಾಕ್ಟೀರಿಯಾಗಳನ್ನು ಕೊಂದು, ಬಗ್ಗದವುಗಳಿಗೆ ಜಾಗ ತೆರವುಮಾಡಿ ಕೊಡುತ್ತದೆ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಈ ವಿದ್ಯೆಯನ್ನು ಬರೆದಿಟ್ಟ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್ಎ ಉಂಗುರವನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ಇನ್ನೊಂದು ಜಾತಿಗೂ ದಾಟಿಸಬಲ್ಲದು. ನಿರುಪದ್ರವಿಯಿಂದ ಉಪದ್ರವಿಗೆ ಹೀಗೆ ದಾಟುವುದಕ್ಕೆ ಒಂದು ರಾತ್ರಿ ಸಾಕು. ಮದ್ದು ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಅವುಗಳ ಸಂಖ್ಯೆ ಕುಗ್ಗುವುದುಂಟು, ಆದರೆ ಪೂರ್ತಿ ಹೋಗುತ್ತವೆ ಎಂದು ಯಾರೂ ಭರವಸೆ ಕೊಡಲಾರರು.

1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತನ್ನ ನೊಬೆಲ್ ಉಪನ್ಯಾಸದ ಕೊನೆಯಲ್ಲಿ ಒಂದು ಮನೆಯ ಕಲ್ಪಿತ ಪ್ರಸಂಗವನ್ನು ಹೇಳಿದ್ದರು. ಗಂಟಲು ನೋವಿರುವ ಗಂಡ ಅಂಗಡಿಯಿಂದ ಪೆನಿಸಿಲಿನ್ ಕೊಂಡು ತಂದು, ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ಸಾಯದೆ ಉಳಿದು ಮದ್ದನ್ನು ಎದುರಿಸಲು ಕಲಿತ ಬ್ಯಾಕ್ಟೀರಿಯಾ ಹೆಂಡತಿಗೆ ಅಂಟುತ್ತದೆ. ಅವಳಿಗೆ ನ್ಯುಮೋನಿಯಾ ಬರುತ್ತದೆ. ಪೆನಿಸಿಲಿನ್ ಕೆಲಸಮಾಡದೆ ಅವಳು ಸಾಯುತ್ತಾಳೆ. ಅವರು ಉದಾಹರಣೆಗೆ ಆರಿಸಿದ ಗಂಟಲಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇಂದಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ ಎಂಬುದು ಬೇರೆ ಮಾತು. ಪ್ರಸಂಗವಂತೂ ನೀರ್ಚಾಲಿನ ಬಿಸ್ಕತ್ತಿನ ಡಬ್ಬದ ಪ್ರಸಂಗವೇ.

ಪೆರ್ಲದ ಅಡಿಕೆ ಕೃಷಿಕರು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವನಿಗೆ ಅಳತೆಯ ಬೆಲೆ ಗೊತ್ತಿರುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ. ಮದ್ದು ಉಳಿಸಲೆಂದು ನೀರು ಹೆಚ್ಚಿಸಿದವನ ತೋಟದಲ್ಲಿ ಕೊಳೆರೋಗ ನಿಲ್ಲುವುದಿಲ್ಲ. ಆದ್ದರಿಂದ ಎರಡು ದಿನದಲ್ಲಿ ಗುಳಿಗೆ ನಿಲ್ಲಿಸಿದ್ದೇ ಶಿಕ್ಷಕಿಯವರ ಮನೆಯಲ್ಲಿ ಆದ ಮುಖ್ಯ ತಪ್ಪೆಂದು ನನ್ನ ಅಭಿಪ್ರಾಯ. ಚೀಟಿ ಹಳತೋ ಹೊಸತೋ, ಕೋರ್ಸು ಪೂರ್ತಿ ಮಾಡಿದ್ದರೆ ಈ ಸ್ಥಿತಿ ಬರುತ್ತಿರಲಿಲ್ಲ.

ಹಟ್ಟಿಯ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಆಂಟಿಬಯೋಟಿಕ್ ಎಂದರೆ ಮನುಷ್ಯರ ಮದ್ದೆಂದೇ ಎಲ್ಲರೂ ಮಾತಾಡುತ್ತಿದ್ದೇವೆ. ನನ್ನಲ್ಲಿ ನಾಲ್ಕು ಹಸುಗಳಿವೆ. ಕೆಚ್ಚಲು ಬಾವು ಬಂದಾಗ ಮೊಲೆಯೊಳಗೆ ಮದ್ದಿನ ಟ್ಯೂಬ್ ಹಾಕುವುದು ರೂಢಿ. ಮದ್ದು ಹಾಕಿದ ಮೇಲೆ ಅದರ ಮೇಲೆ ನಮೂದಿಸಿರುವಷ್ಟು ದಿನ ಹಾಲನ್ನು ಮಾರಬಾರದು; ಎಷ್ಟು ಮಂದಿ ಹಾಲು ಚೆಲ್ಲುತ್ತಾರೆ? ದಿನಕ್ಕೆ 10 ಲೀಟರ್ ಹಾಲನ್ನು ಚರಂಡಿಗೆ ಹಾಕುವ ಕೈ ನಡುಗುತ್ತದೆ. ನಾನು ಎರಡು ವರ್ಷಗಳಿಂದ, ಬಾವು ಆರಂಭದಲ್ಲಿರುವಾಗಲೇ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಲೇಪವನ್ನು ಹಚ್ಚುತ್ತಿದ್ದೇನೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಶಿನ, 15 ಗ್ರಾಂ ಸುಣ್ಣ ಅರೆದು, ನೀರಿನಲ್ಲಿ ತೆಳುಮಾಡಿ, ದಿನಕ್ಕೆ ಹಲವು ಬಾರಿ. ಆರಂಭದಲ್ಲಿ ಹಿಡಿದರೆ ನನ್ನ ಹಸುಗಳಿಗೆ ಗುಣ ಕಂಡಿದೆ, ತಡವಾದರೆ ಪಶುವೈದ್ಯರೇ ಬೇಕು. ಕೋಳಿ ಸಾಕಣೆಯಲ್ಲಿ ಬೆಳವಣಿಗೆಗೆಂದು ಕೊಡುತ್ತಿದ್ದ ಕೊಲಿಸ್ಟಿನ್ ಮದ್ದನ್ನು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿತು; ಅದು ಮನುಷ್ಯರಿಗೆ ಬೇರೆಲ್ಲ ಮದ್ದು ಸೋತಾಗ ಕೊಡುವ ಮದ್ದಂತೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳನ್ನು ಕಂಡ ಊರಿನವರು ನಾವು. ಒಂದು ಕೀಟಕ್ಕೆಂದು ಚೆಲ್ಲಿದ್ದು ಎಲ್ಲಿಗೆಲ್ಲ ಮುಟ್ಟುತ್ತದೆ ಎಂಬುದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.

ಮಂಜೇಶ್ವರ ಮೂಲದ ಸೂಕ್ಷ್ಮಜೀವಿ ಪ್ರಯೋಗಾಲಯದ ಉದ್ಯೋಗಿ

ಕೃಷಿಕರ ಹಟ್ಟಿಯ ಮಾತನ್ನು ಪೂರ್ತಿ ಒಪ್ಪುತ್ತೇನೆ, ಕೋರ್ಸಿನ ಮಾತನ್ನು ಅರ್ಧ ಮಾತ್ರ. ಈ ಅಂಶದಲ್ಲಿ ನಮ್ಮ ಕ್ಷೇತ್ರದೊಳಗೇ ವಾದವಿದೆ. 2017ರಲ್ಲಿ ಬ್ರಿಟನ್ನಿನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಜ್ಞರ ಒಂದು ಗುಂಪು ‘ಕೋರ್ಸು ಮುಗಿಸಿ’ ಎಂಬ ಉಪದೇಶಕ್ಕೆ ಸಾಕಷ್ಟು ಆಧಾರವಿಲ್ಲವೆಂದೇ ಬರೆದಿತ್ತು.

ಕ್ಷಯರೋಗಕ್ಕೆ ನಿಮ್ಮ ಬೋರ್ಡೋ ಲೆಕ್ಕ ಸರಿಯಾಗಿ ಹೊಂದುತ್ತದೆ. ಅಲ್ಲಿ ರೋಗ ತರುವ ಬ್ಯಾಕ್ಟೀರಿಯಾವೇ ಚಿಕಿತ್ಸೆಯ ನಡುವೆ ನಿರೋಧಕವಾಗುತ್ತದೆ, ಅಂದರೆ ಮದ್ದಿಗೆ ಬಗ್ಗದಂತಾಗುತ್ತದೆ. ಅದಕ್ಕಾಗಿಯೇ ಹಲವು ಮದ್ದುಗಳನ್ನು ಒಟ್ಟಿಗೆ, ಸಾಮಾನ್ಯವಾಗಿ 6 ತಿಂಗಳು, ಒಂದು ದಿನವೂ ತಪ್ಪದೆ ಕೊಡುತ್ತಾರೆ. ನಡುವೆ ಬಿಟ್ಟವರಲ್ಲಿ ರಿಫಾಂಪಿಸಿನ್ ಮತ್ತು ಐಸೊನಿಯಾಜಿಡ್ ಎಂಬ ಎರಡೂ ಮುಖ್ಯ ಮದ್ದುಗಳಿಗೆ ಬಗ್ಗದ ಕ್ಷಯ ಹುಟ್ಟಬಹುದು. ಇ-ಕೊಲೈಯ ಲೆಕ್ಕ ಬೇರೆ. ಅಲ್ಲಿ ಸೋಂಕು ಮೂತ್ರಕೋಶದಲ್ಲಿರುತ್ತದೆ, ನಿರೋಧಕತೆ ಮಾತ್ರ ಕರುಳಿನಲ್ಲಿ ಬೆಳೆಯುತ್ತದೆ. ಮದ್ದು ಹೆಚ್ಚು ದಿನ ಹೋದಷ್ಟೂ ಕರುಳಿನ ಗುಂಪಿನ ಮೇಲೆ ಒತ್ತಡ ಹೆಚ್ಚು. ಹಾಗಾಗಿ ಹಿಂದೆ 10-14 ದಿನ ಕೊಡುತ್ತಿದ್ದ ಹಲವು ಸೋಂಕುಗಳಿಗೆ ಈಗ ಕಡಿಮೆ ದಿನ ಸಾಕೆಂದು ಕಂಡುಬಂದಿದೆ. ತೊಡಕಿಲ್ಲದ ನ್ಯುಮೋನಿಯಾದಲ್ಲಿ ರೋಗಿ ಸುಧಾರಿಸುತ್ತಿದ್ದರೆ 5 ದಿನ, ಮೂತ್ರಕೋಶದ ಸಾಧಾರಣ ಸೋಂಕಿಗೆ ನೈಟ್ರೊಫ್ಯುರಾಂಟೊಯಿನ್ ಎಂಬ ಮದ್ದು 5 ದಿನ. ಇದರ ಅರ್ಥ ಗುಣ ಕಂಡ ಕೂಡಲೇ ನಾವಾಗಿ ನಿಲ್ಲಿಸಬಹುದೆಂದಲ್ಲ. ಎಷ್ಟು ದಿನವೆಂಬುದು ಯಾವ ಸೋಂಕು, ಯಾವ ಮದ್ದು ಎಂಬುದರ ಮೇಲೆ ನಿಂತಿರುತ್ತದೆ, ಅದನ್ನು ವೈದ್ಯರು ಹೇಳಬೇಕು. ನಾವು ‘ಇಷ್ಟು ದಿನ ಬೇಕೇ’ ಎಂದು ಕೇಳಬೇಕು. ಶಿಕ್ಷಕಿಯವರ ಮನೆಯಲ್ಲಿ ಆರು ವರ್ಷಗಳ ಹಿಂದಿನ ಚೀಟಿಯ ಮದ್ದನ್ನು ಪ್ರತಿ ಬಾರಿಯೂ 14 ದಿನ ಪೂರ್ತಿ ಮಾಡಿದ್ದರೂ ವರದಿ ಇನ್ನಷ್ಟು ಒಳ್ಳೆಯದಾಗಿರುತ್ತಿತ್ತೆಂದು ನಾನು ನಂಬುವುದಿಲ್ಲ. ಕಲ್ಚರ್ ಮಾಡಿಸದೆ, ಬಗ್ಗದ ಬ್ಯಾಕ್ಟೀರಿಯಾಕ್ಕೆ ಅದೇ ಮದ್ದನ್ನು ಮತ್ತೆ ಮತ್ತೆ ಕೊಟ್ಟದ್ದು ಅಲ್ಲಿನ ತೊಂದರೆ.

ಬಾಯಾರಿನ ಓದುಗರು

ಇಷ್ಟು ಓದಿದ ಮೇಲೆ ನನಗೆ ನೋವಾದದ್ದು, ಎಲ್ಲ ಬೊಟ್ಟುಗಳೂ ರೋಗಿಯ ಕಡೆಗೇ ತಿರುಗಿವೆ ಎಂಬುದಕ್ಕೆ. ಬೀಡಿ ಕಟ್ಟುವ ಹೆಂಗಸು ಮಗುವಿನ ಜ್ವರಕ್ಕೆ ವೈದ್ಯರ ಬಳಿ ಹೋಗಬೇಕಾದರೆ ಒಂದು ದಿನದ ಮಜೂರಿ, ಬಸ್ಸಿನ ಹಣ, ವೈದ್ಯರ ಶುಲ್ಕ ಇಷ್ಟನ್ನೂ ಕಳೆದುಕೊಳ್ಳುತ್ತಾಳೆ. ಕಲ್ಚರ್ ಎಂದರೆ ಎರಡು ಮೂರು ದಿನ ಕಾಯಬೇಕು, ಅದಕ್ಕೂ ಹಣ ಕೊಡಬೇಕು. ಅಂಗಡಿಯ ಆರು ಗುಳಿಗೆ ಅವಳಿಗೆ ಅಜ್ಞಾನದ ಆಯ್ಕೆಯಲ್ಲ, ಕೈಗೆಟಕುವ ಒಂದೇ ಆಯ್ಕೆ.

ಮತ್ತೆ, ಚೀಟಿ ಬರೆಯುವವರ ವಿಷಯವೇನು? ಕೋವಿಡ್ ಕಾಲದಲ್ಲಿ ಅಜಿತ್ರೋಮೈಸಿನ್ ಬರೆಯದ ಚೀಟಿಯನ್ನು ನಾನು ನೋಡಿದ್ದೇ ಅಪರೂಪ. ಅದರಿಂದ ಕೋವಿಡ್ ರೋಗಿಗಳಿಗೆ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ ‘ರಿಕವರಿ’ ಎಂಬ ಹೆಸರಿನ ಮದ್ದಿನ ಪ್ರಯೋಗ 2021ರಲ್ಲಿ ತೋರಿಸಿದ ಮೇಲೂ ಆ ಅಭ್ಯಾಸ ತಟ್ಟನೆ ನಿಲ್ಲಲಿಲ್ಲ. ಮದ್ದು ತಯಾರಿಸುವ ಕಾರ್ಖಾನೆಗಳೂ ಇವೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಶುದ್ಧೀಕರಿಸುವ ಘಟಕದಿಂದ ಹೊರಬರುವ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದುದನ್ನು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದ್ದರು. ಆ ಮದ್ದನ್ನು ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ. ಬಿಸ್ಕತ್ತಿನ ಡಬ್ಬವನ್ನು ತೆರೆಯೋಣ, ತೆರೆಯಲೇಬೇಕು. ಆದರೆ ಅಂಥ ನೀರಿನ ಮುಂದೆ ಡಬ್ಬದ ಗಾತ್ರ ಎಷ್ಟೆಂಬುದನ್ನೂ ಮರೆಯಬಾರದು.

ಮುಳ್ಳೇರಿಯ ಕಡೆಯ ಆಶಾ ಕಾರ್ಯಕರ್ತೆ

ಬಾಯಾರಿನವರು ಹೇಳಿದ ಹೆಂಗಸಿನ ಮನೆಗೆ ದಿನವೂ ಹೋಗುವವಳು ನಾನು. ಅವರ ಮಾತು ನಿಜ. ಆದರೂ ಒಂದು ಸಂಗತಿಯನ್ನು ಸೇರಿಸಬೇಕಾಗಿದೆ. ಮಳೆಗಾಲದಲ್ಲಿ ಗದ್ದೆಗೂ ತೋಟದ ಕೆಸರಿಗೂ ಇಳಿಯುವವರಿಗೆ ಇಲಿಜ್ವರ ಬಾರದಂತೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುತ್ತೇವೆ. ಅದೂ ಆಂಟಿಬಯೋಟಿಕ್ಕೇ. ಇಲಿಜ್ವರ ಬ್ಯಾಕ್ಟೀರಿಯಾದಿಂದ ಬರುವಂಥದು, ಜೀವ ತೆಗೆಯುವಂಥದು. ಹಾಗಾಗಿ ಇಲ್ಲಿ ಆ ಮದ್ದಿಗೆ ಕಾರಣವಿದೆ. ಅದನ್ನು ಪುಕ್ಕಟೆ ಕೊಟ್ಟರೂ ‘ಹೊಟ್ಟೆ ಉರಿಯುತ್ತದೆ’ ಎಂದು ಮಾಡಿನ ಎಡೆಗೆ ಸಿಕ್ಕಿಸಿಡುವವರೇ, ಮೂಗು ಸೋರಿದರೆ ಅಜಿತ್ರೋಮೈಸಿನ್ ತರಲು ಹಣ ಕೊಟ್ಟು ಓಡುತ್ತಾರೆ. ಬೇಕಾದಲ್ಲಿ ನುಂಗುವುದಿಲ್ಲ, ಬೇಡವಾದಲ್ಲಿ ಬಿಡುವುದಿಲ್ಲ. ‘ಆಂಟಿಬಯೋಟಿಕ್ ಕೆಟ್ಟದ್ದು’ ಎಂದು ಪ್ರಚಾರ ಮಾಡಿದರೆ ಈ ಜನ ಇಲಿಜ್ವರದ ಗುಳಿಗೆಯನ್ನೂ ಕ್ಷಯದ ಗುಳಿಗೆಯನ್ನೂ ಬಿಟ್ಟುಬಿಡುತ್ತಾರೆಂಬ ಭಯ ನನಗಿದೆ.

ಇನ್ನೊಂದು ಭಾಷೆಯ ಪ್ರಶ್ನೆ. ಅಂಗಡಿಯವರು ಹೇಳಿದ ನೀಲಿ ಲಕೋಟೆ ಒಳ್ಳೆಯ ಯೋಚನೆ. ನಾನು ಹೋಗುವ ಮನೆಗಳಿಗೆ ಬಂದ ಲಕೋಟೆಗಳ ಮೇಲಿದ್ದದ್ದು ಮಲಯಾಳ. ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಆ ನೀಲಿ ಬಣ್ಣ ಒಂದು ಬಣ್ಣ ಮಾತ್ರ. ನಾನು ಅದರ ಹಿಂಬದಿಯಲ್ಲಿ ಪೆನ್ನಿನಿಂದ ಕನ್ನಡದಲ್ಲಿ ಬರೆದುಕೊಡುತ್ತೇನೆ: ಇದು ನಿಮಗೊಬ್ಬರಿಗೇ ಕೊಟ್ಟ ಮದ್ದು, ಇಂಥ ದಿನದವರೆಗೆ, ಉಳಿದರೆ ಯಾರಿಗೂ ಕೊಡಬೇಡಿ. ಕೇರಳ 2018ರಲ್ಲಿ ದೇಶದಲ್ಲೇ ಮೊದಲಿಗೆ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ತಡೆಯಲೆಂದು ರಾಜ್ಯಮಟ್ಟದ ಕ್ರಿಯಾಯೋಜನೆ ಮಾಡಿದೆಯೆಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಅದರ ಮಾತು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡದ ಮನೆಗಳಿಗೆ ಕನ್ನಡದಲ್ಲಿಯೇ ತಲುಪಬೇಕು.

ಕುಂಬಳೆ ಸಮೀಪದ ಔಷಧ ಅಂಗಡಿಯವರು

ಆ ಮೂರು ವಾಕ್ಯಗಳನ್ನು ದಯವಿಟ್ಟು ಇಲ್ಲಿ ಪೂರ್ತಿ ಬರೆದು ಹಾಕಿ. ಸಣ್ಣ ಚೀಟಿಯಲ್ಲಿ ಮುದ್ರಿಸಿ ಲಕೋಟೆಗೆ ಅಂಟಿಸುವ ಖರ್ಚು ನನ್ನದು. ಬದಿಯಡ್ಕ, ಉಪ್ಪಳದ ಪರಿಚಯದ ಅಂಗಡಿಗಳಿಗೂ ಕಳುಹಿಸುತ್ತೇನೆ.

ನೀರ್ಚಾಲಿನ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಡಬ್ಬವನ್ನು ಮೇಜಿನ ಮೇಲೆ ಸುರಿದು ಅಮ್ಮನ ಎದುರಿನಲ್ಲೇ ಎಣಿಸಿದೆ. ಸಿಪ್ರೊಫ್ಲಾಕ್ಸಾಸಿನ್ 9, ಸೆಫಿಕ್ಸಿಮ್ 4, ಅಜಿತ್ರೋಮೈಸಿನ್ 2, ಹೆಸರು ಅಳಿಸಿಹೋದದ್ದು 7. ಅವುಗಳಲ್ಲಿ ಕೆಲವು ಪಟ್ಟಿಗಳ ಮೇಲಿದ್ದ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದೆಂಬ ಗುರುತು; ಅದನ್ನು ನಾನು ಇಷ್ಟು ವರ್ಷ ಅಲಂಕಾರವೆಂದುಕೊಂಡಿದ್ದೆ. ಫ್ರಿಜ್ಜಿನ ಮೇಲಿನ ಚೀಟಿಯನ್ನು ತಮ್ಮ ಹರಿದುಹಾಕಿದ. ಮುಂದಿನ ಬಾರಿ ಉರಿ ಕಂಡರೆ ಮದ್ದಿಗೆ ಮೊದಲು ಮೂತ್ರವನ್ನು ಕಲ್ಚರಿಗೆ ಕೊಡಬೇಕೆಂದು ವೈದ್ಯರು ಹೇಳಿದ್ದಾರೆ. ಅದಕ್ಕೆ ಬೇಕಾದ, ಕ್ರಿಮಿಮುಕ್ತಗೊಳಿಸಿದ ಒಂದು ಡಬ್ಬಿಯನ್ನು ಈಗಲೇ ತಂದಿಟ್ಟಿದ್ದೇನೆ. ಈ 22 ಗುಳಿಗೆಗಳನ್ನು ಏನು ಮಾಡಲಿ? ತೋಟಕ್ಕೆ ಎಸೆಯಲು ಮನಸ್ಸಿಲ್ಲ, ಬಚ್ಚಲಿಗೆ ಹಾಕಿದರೆ ಪಟಾನ್‌ಚೆರುವಿನ ನೀರಿನ ನೆನಪಾಗುತ್ತದೆ.

ಕುಂಬಳೆ ಸಮೀಪದ ಔಷಧ ಅಂಗಡಿಯವರು

ಎಸೆಯಬೇಡಿ. ಒಂದು ಲಕೋಟೆಯಲ್ಲಿ ಹಾಕಿ ನನ್ನಲ್ಲಿಗೆ ತನ್ನಿ. ಅವಧಿ ಮುಗಿದ ಮದ್ದುಗಳನ್ನು ನಾವು ಬೇರೆಯಾಗಿ ಇಟ್ಟು ವಿಲೇವಾರಿಗೆ ಕಳುಹಿಸುತ್ತೇವೆ, ಅದರ ಜೊತೆ ಇವೂ ಹೋಗಲಿ. ಆಶಾ ಕಾರ್ಯಕರ್ತೆಯವರ ಮೂರು ವಾಕ್ಯಗಳು ಸಿಕ್ಕಿವೆ, ಸೋಮವಾರ ಅಚ್ಚಿಗೆ ಕೊಡುತ್ತೇನೆ. ಅಕ್ಷರ ಸ್ವಲ್ಪ ದೊಡ್ಡದಿರಲಿ ಎಂದು ಹೇಳಿದ್ದೇನೆ.